ಹೂಂಗುಟ್ಟುವ ಮಕ್ಕಳು, ಹೊರನಾಡಿನ ಕಂಪನಿಗಳು

ಹತ್ತನೆಯ ತರಗತಿ, ಐ.ಟಿ.ಐ., ಡಿಪ್ಲೊಮಾ ಪರೀಕ್ಷೆಗಳ ಫಲಿತಾಂಶ ಹೊರಬಿದ್ದಿತೆಂದರೆ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಮನೆಮನೆಗಳಲ್ಲಿಯೂ ಒಂದೇ ಮಾತು: ಮಗ ಎಲ್ಲಿಗೆ ಸೇರಿದ, ಮಗಳಿಗೆ ಯಾವ ಕಂಪನಿಯಿಂದ ಕರೆ ಬಂತು. ಮಳೆ ಕೈಕೊಟ್ಟ ವರ್ಷ ಕಡೂರಿನ ಕಡೆ ತೆಂಗಿನ ತೋಟಕ್ಕೆ ನೀರಿಲ್ಲ. ಈರುಳ್ಳಿಯ ಬೆಲೆ ಕುಸಿದ ವರ್ಷ ಶಿವನಿ, ಅಜ್ಜಂಪುರದ ಕಡೆ ಹೊಲದ ಖರ್ಚೂ ಹುಟ್ಟುವುದಿಲ್ಲ. ತರೀಕೆರೆಯ ಅಡಕೆ ತೋಟದವರು ಸ್ವಲ್ಪ ನಿಶ್ಚಿಂತರೆಂದು ಹೊರಗಿನವರಿಗೆ ತೋರಿದರೂ, ಇರುವ ಎರಡೆಕರೆ ತೋಟ ಮೂವರು ಮಕ್ಕಳಿಗೆ ಹಂಚಿಕೆಯಾದರೆ ಉಳಿಯುವುದೆಷ್ಟು ಎಂಬ ಲೆಕ್ಕ ಆ ಮನೆಗಳಲ್ಲಿಯೂ ಇದ್ದೇ ಇದೆ. ಹೀಗಾಗಿ ಮಕ್ಕಳು ಬೀರೂರು ಜಂಕ್ಷನ್ನಿನಲ್ಲಿ ರೈಲು ಹತ್ತುತ್ತಾರೆ. ಅವರು ಸೇರುವುದು ಬಿಡದಿ, ದೇವನಹಳ್ಳಿ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಂಪನಿಗಳನ್ನು. ಅಲ್ಲಿನ ಒಡೆಯರಲ್ಲಿ ಜಪಾನಿನವರಿದ್ದಾರೆ, ತೈವಾನಿನವರಿದ್ದಾರೆ, ಅಮೆರಿಕ, ಜರ್ಮನಿಗಳವರೂ ಇದ್ದಾರೆ.

ಮಕ್ಕಳನ್ನು ಕಳುಹಿಸುವ ಮುನ್ನ ನಮ್ಮ ತಂದೆತಾಯಿಗಳು ಕೇಳುವ ಪ್ರಶ್ನೆಗಳು ನಮಗೆ ಗೊತ್ತು. ಸಂಬಳವೆಷ್ಟು? ಹಾಸ್ಟೆಲ್ ಇದೆಯೇ? ಊಟ ಸಸ್ಯಾಹಾರವೇ? ಬಾಂಡ್ ಬರೆಸಿಕೊಳ್ಳುತ್ತಾರೆಯೇ? ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಅಲ್ಲಿ ಮೇಲಧಿಕಾರಿಯೊಡನೆ ಹೇಗೆ ಮಾತನಾಡುತ್ತಾರೆ, ಕೆಲಸ ಕೆಟ್ಟಾಗ ಅದನ್ನು ಯಾರು ಯಾರಿಗೆ ಹೇಳಬೇಕು, 'ಆಗುವುದಿಲ್ಲ' ಎನ್ನುವುದಕ್ಕೆ ಅಲ್ಲಿ ರೂಢಿಯಲ್ಲಿರುವ ಮಾತು ಯಾವುದು ಎಂದು ಯಾರೂ ಕೇಳುವುದಿಲ್ಲ. ಆರು ತಿಂಗಳಲ್ಲಿ ಪೆಟ್ಟಿಗೆ ಹೊತ್ತು ಮರಳಿ ಬಂದ ಮಕ್ಕಳನ್ನು ನಾವು ಮಾತನಾಡಿಸಿ ನೋಡಿದ್ದೇವೆ. ಅವರಲ್ಲಿ ಹಲವರು ಕೆಲಸ ಬಾರದೆ ಬಂದವರಲ್ಲ, ಸೋಮಾರಿಗಳೂ ಅಲ್ಲ. ಅಲ್ಲಿಯ ನಡೆನುಡಿಯ ಲೆಕ್ಕ ಅವರಿಗೆ ತಿಳಿಯಲಿಲ್ಲ, ಅದನ್ನು ತಿಳಿಸುವವರೂ ಇರಲಿಲ್ಲ.

ಪರದೇಶದವರ ಕೈಕೆಳಗೆ ದುಡಿಯುವುದು ಈ ಸೀಮೆಗೆ ಹೊಸತೇನೂ ಅಲ್ಲ. ಇಂದಿನ ಚಿಕ್ಕಮಗಳೂರು ಜಿಲ್ಲೆ 1947ರವರೆಗೂ ಕಡೂರು ಜಿಲ್ಲೆಯೆಂದೇ ಹೆಸರಾಗಿತ್ತು. ಆ ಜಿಲ್ಲೆಯ ಮಲೆನಾಡ ಭಾಗದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಯೂರೋಪಿನ ದೊರೆಗಳು ಕಾಫಿ ತೋಟಗಳನ್ನು ಎಬ್ಬಿಸಿದರು. ದೊರೆಗೆ ಕನ್ನಡ ಅಷ್ಟಕ್ಕಷ್ಟೆ, ಆಳುಗಳಿಗೆ ಇಂಗ್ಲಿಷ್ ಬಾರದು. ಆಳುಗಳಲ್ಲಿಯೂ ಬಯಲುಸೀಮೆಯವರು, ಘಟ್ಟದ ಕೆಳಗಿನ ತುಳುವರು, ತಮಿಳರು ಎಂದು ಹಲವು ಬಗೆ. ಇವರ ನಡುವೆ ತೋಟವನ್ನು ನಡೆಸಿಕೊಂಡು ಹೋದವರು ಮೇಸ್ತ್ರಿಗಳು ಮತ್ತು ರೈಟರುಗಳು. ಮೇಸ್ತ್ರಿ ದೊರೆಯ ಮಾತನ್ನು ಆಳಿಗೆ ದಾಟಿಸುವುದಷ್ಟೇ ಅಲ್ಲದೆ, ಆಳಿನ ಮನಸ್ಸಿನಲ್ಲಿ ಇರುವುದನ್ನು ದೊರೆಗೂ ದಾಟಿಸುತ್ತಿದ್ದ. ಮುಂಗಡದ ಹಣದಲ್ಲಿ ಆಳುಗಳನ್ನು ಕಟ್ಟಿಹಾಕಿದ ಮೇಸ್ತ್ರಿಗಳೂ ಇದ್ದರು. ಆದ್ದರಿಂದ ಆ ಪದ್ಧತಿಯನ್ನು ನಾವು ಹೊಗಳಲು ಹೊರಟಿಲ್ಲ. ಎರಡೂ ಕಡೆಯ ನಡೆ ಬಲ್ಲ ಒಬ್ಬ ಮನುಷ್ಯ ನಡುವೆ ಬೇಕು ಎಂಬ ತಿಳಿವಳಿಕೆ ಮಾತ್ರ ಆ ಕಾಲದಲ್ಲಿಯೇ ಇತ್ತು.

ತರೀಕೆರೆ ತಾಲೂಕಿನ ಹಿರಿಯರಿಗೆ ಇನ್ನೊಂದು ಉದಾಹರಣೆ ಹೇಳಿಕೊಡಬೇಕಾಗಿಲ್ಲ. ಕೆಮ್ಮಣ್ಣುಗುಂಡಿಯ ಅದಿರು ತೊಟ್ಟಿಲುಗಳಲ್ಲಿ ಕುಳಿತು ರೋಪ್‌ವೇ ಮೇಲೆ ಇಳಿದು ಭದ್ರಾವತಿ ಸೇರುತ್ತಿದ್ದ ಕಾಲ ಅದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಹಿಂದೆ ಅಮೆರಿಕದ ತಜ್ಞರ ಸಲಹೆಯಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಹೊಣೆ ಹೊತ್ತ ಮೇಲೆ ಹೊರದೇಶದ ತಜ್ಞರ ಜಾಗಗಳಿಗೆ ಕ್ರಮೇಣ ಇಲ್ಲಿಯವರನ್ನೇ ತಯಾರು ಮಾಡಿ ತಂದರು. ನಿನ್ನೆಯವರೆಗೆ ಗದ್ದೆಯ ಬದುವಿನ ಮೇಲೆ ನಡೆದ ಕಾಲುಗಳು ಕುಲುಮೆಯ ಮುಂದೆ ಪಾಳಿಯ ಸೀಟಿಗೆ ಸರಿಯಾಗಿ ನಿಲ್ಲುವುದನ್ನು ಕಲಿತವು. ಮೂರು ಪಾಳಿ, ವಾರದ ರಜೆ, ಹಾಜರಿ ಪುಸ್ತಕ ಇವೆಲ್ಲ ಒಂದು ತಲೆಮಾರಿಗೆ ವಿಚಿತ್ರವೆನಿಸಿ ಮುಂದಿನ ತಲೆಮಾರಿಗೆ ಸಹಜವಾದವು. ಆ ತಲೆಮಾರಿನ ಅನುಕೂಲವೆಂದರೆ ಭದ್ರಾವತಿ ಹತ್ತಿರವಿತ್ತು. ಹಬ್ಬಕ್ಕೆ ಮನೆಗೆ ಬರಬಹುದಿತ್ತು, ಪಕ್ಕದಲ್ಲಿ ನಿಂತ ಕೆಲಸಗಾರನೂ ಇದೇ ಸೀಮೆಯವನಾಗಿರುತ್ತಿದ್ದ. ಇಂದು ಆ ಎರಡು ಆಸರೆಗಳೂ ಇಲ್ಲ.

ಕಂಪನಿಯ ಸಂಸ್ಕೃತಿ ಎಂಬ ಮಾತನ್ನು ಈಗ ಎಲ್ಲರೂ ಬಳಸುತ್ತಾರೆ. ಕೇಳಲು ದೊಡ್ಡದಾದರೂ ಅದರ ಹುರುಳು ಸರಳ. ಪ್ರತಿ ಮನೆಗೂ ಒಂದು ರೀತಿ ಇರುವಂತೆ ಪ್ರತಿ ಕಂಪನಿಗೂ ಇದೆ. ಯಾರು ಮೊದಲು ಮಾತನಾಡಬೇಕು, ಹೊತ್ತು ಎಂದರೆ ಎಷ್ಟು ಹೊತ್ತು, ತಪ್ಪನ್ನು ಎದುರಿಗೆ ಹೇಳಬೇಕೆ ಮರೆಯಲ್ಲಿ ಹೇಳಬೇಕೆ ಎಂಬುವುಗಳೆಲ್ಲ ಅದರೊಳಗೆ ಬರುತ್ತವೆ. ಸೊಸೆಯಾಗಿ ಇನ್ನೊಂದು ಮನೆ ಹೊಕ್ಕ ಯಾವ ಹೆಣ್ಣುಮಗಳಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ! ಹೊಸ ಮನೆಯ ರೀತಿ ಬರೆದಿಟ್ಟಿರುವುದಿಲ್ಲ, ತಪ್ಪಿದಾಗ ಮಾತ್ರ ತಿಳಿಯುತ್ತದೆ. ಕಂಪನಿಯಲ್ಲಿಯೂ ಅಷ್ಟೆ.

ಹಾಲೆಂಡಿನ ಗೀರ್ಟ್ ಹಾಫ್‌ಸ್ಟೆಡ್ ಎಂಬ ವಿದ್ವಾಂಸರು 1967ರಿಂದ 1973ರವರೆಗೆ ಐ.ಬಿ.ಎಂ. ಕಂಪನಿಯ ನಾನಾ ದೇಶಗಳ ನೌಕರರಿಂದ ಸಂಗ್ರಹವಾದ ಉತ್ತರಗಳನ್ನು ಜೋಡಿಸಿ 1980ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಕಂಪನಿ ಒಂದೇ, ಕೆಲಸವೂ ಬಹುಮಟ್ಟಿಗೆ ಒಂದೇ. ಆದರೂ ದೇಶದಿಂದ ದೇಶಕ್ಕೆ ಉತ್ತರಗಳು ಬೇರೆಯಾಗಿದ್ದವು. ಮೇಲಿನವರಿಗೂ ಕೆಳಗಿನವರಿಗೂ ನಡುವೆ ಇರುವ ಅಂತರವನ್ನು ಜನ ಎಷ್ಟರಮಟ್ಟಿಗೆ ಸಹಜವೆಂದು ಒಪ್ಪಿಕೊಂಡಿದ್ದಾರೆ ಎಂಬುದಕ್ಕೆ ಅವರು ಒಂದು ಅಳತೆ ಕೊಟ್ಟರು. ಆ ಅಳತೆಯಲ್ಲಿ ಭಾರತಕ್ಕೆ 77, ಜಪಾನಿಗೆ 54, ಅಮೆರಿಕಕ್ಕೆ 40, ಡೆನ್ಮಾರ್ಕಿಗೆ ಕೇವಲ 18. ಒಂದು ದೇಶದ ಅಂಕಿಯನ್ನು ಒಬ್ಬ ಮನುಷ್ಯನ ಹಣೆಗೆ ಅಂಟಿಸುವುದು ತಪ್ಪು. ಅಂದಿನ ಐ.ಬಿ.ಎಂ. ನೌಕರರು ನಮ್ಮ ಹಳ್ಳಿಗಳ ಪ್ರತಿನಿಧಿಗಳೂ ಅಲ್ಲ. ಆದರೆ ಡೆನ್ಮಾರ್ಕಿನ ಅಧಿಕಾರಿಯೊಬ್ಬ ತನ್ನ ಕೈಕೆಳಗಿನ ಹುಡುಗ ಎದುರು ಮಾತನಾಡುತ್ತಾನೆಂದು ಏಕೆ ನಿರೀಕ್ಷಿಸುತ್ತಾನೆ, ನಮ್ಮ ಹುಡುಗ ಏಕೆ ತಲೆ ತಗ್ಗಿಸಿ ನಿಲ್ಲುತ್ತಾನೆ ಎಂಬುದರ ಸುಳಿವನ್ನು ಈ ಅಂಕಿಗಳು ಕೊಡುತ್ತವೆ.

ತಲೆ ತಗ್ಗಿಸಿ ನಿಲ್ಲುವುದನ್ನು ಕಲಿಸಿದವರು ನಾವೇ. ದೊಡ್ಡಪ್ಪ ಮಾತನಾಡುವಾಗ ನಡುವೆ ಬಾಯಿ ಹಾಕಬಾರದು, ಮೇಷ್ಟ್ರು ಹೇಳಿದ್ದಕ್ಕೆ ಎದುರಾಡಬಾರದು, ತಿಳಿಯದಿದ್ದರೂ 'ಹೂಂ' ಎನ್ನಬೇಕು, ಆಮೇಲೆ ಗೆಳೆಯನನ್ನು ಕೇಳಿ ತಿಳಿದುಕೊಳ್ಳಬೇಕು. ಇದು ಸಂಸ್ಕಾರ. ಇದರಲ್ಲಿ ಅವಮಾನಪಡುವಂಥದ್ದು ಏನೂ ಇಲ್ಲ, ಕೂಡುಕುಟುಂಬಗಳು ಒಡೆಯದೆ ನಿಂತದ್ದು ಅರ್ಧ ಇದರಿಂದಲೇ. ಆದರೆ ನಮ್ಮ 'ಹೂಂ' ಎಂಬುದಕ್ಕೆ 'ಕೇಳಿಸಿಕೊಂಡೆ' ಎಂದು ಅರ್ಥವೇ ಹೊರತು 'ಒಪ್ಪಿದೆ' ಎಂದಾಗಲಿ 'ಮಾಡಿಕೊಡುತ್ತೇನೆ' ಎಂದಾಗಲಿ ಅಲ್ಲ. ಊರಿನಲ್ಲಿ ಇದು ಎಲ್ಲರಿಗೂ ಗೊತ್ತು. ಗಡಿಯಾರ ನೋಡಿ ಕೆಲಸ ಒಪ್ಪಿಸುವ ಪಶ್ಚಿಮದ ಅಧಿಕಾರಿಗೆ ಗೊತ್ತಿಲ್ಲ.

ತರೀಕೆರೆಯ ಕಡೆಯ ಒಂದು ಮನೆಯಲ್ಲಿ ನಡೆದುದನ್ನು ಇಲ್ಲಿ ಹೇಳಬೇಕು. ಹುಡುಗ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಕಂಪನಿ ಸೇರಿದ. ಅವನ ಮೇಲಧಿಕಾರಿ ಯೂರೋಪಿನ ಯಾವುದೋ ನಗರದಲ್ಲಿ ಕುಳಿತಿರುತ್ತಿದ್ದ, ಪ್ರತಿ ಸಂಜೆ ದೂರವಾಣಿಯಲ್ಲಿ ಮಾತುಕತೆ. "ಶುಕ್ರವಾರದೊಳಗೆ ಆಗುತ್ತದೆಯೇ?" ಎಂದು ಆತ ಕೇಳಿದರೆ ಈತ "ಎಸ್ ಸರ್" ಎನ್ನುತ್ತಿದ್ದ. ಇನ್ನೊಂದು ವಿಭಾಗದವರು ಕೊಡಬೇಕಾದ ಸಾಮಗ್ರಿಯನ್ನು ಕೊಡದೆ ಕೆಲಸ ಆಗುವಂತಿರಲಿಲ್ಲ. ಅದನ್ನು ಹೇಳಿದರೆ ಜೊತೆಯವನ ಮೇಲೆ ಚಾಡಿ ಹೇಳಿದಂತಾಗುತ್ತದೆಂದು ಹುಡುಗನ ಭಾವನೆ. ಅಲ್ಲದೆ ಆಗುವುದಿಲ್ಲ ಎಂದು ದೊಡ್ಡವರ ಎದುರು ಹೇಳುವುದಾದರೂ ಹೇಗೆ? ಮೂರು ಶುಕ್ರವಾರಗಳು ಹೀಗೆ ಕಳೆದವು. ನಂಬಿಕೆಗೆ ಅರ್ಹನಲ್ಲ ಎಂಬ ಅರ್ಥದ ಪತ್ರ ಬಂತು. ಹುಡುಗ ಊರಿಗೆ ಬಂದ. ನಾಲ್ಕು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ. ತಂದೆಗೆ ಮಗ ಸುಳ್ಳುಗಾರನಾದನೆಂಬ ಕೊರಗು, ಸಂಬಂಧ ಕೇಳಿಕೊಂಡು ಬಂದಿದ್ದವರು ಹಿಂದೆ ಸರಿದರು. ಆಮೇಲೆ ಬೇರೊಂದು ಕಂಪನಿಯಲ್ಲಿ ಅವನಿಗೆ ಹುಬ್ಬಳ್ಳಿ ಕಡೆಯ ಒಬ್ಬ ಹೆಣ್ಣುಮಗಳು ತಂಡದ ಮುಖ್ಯಸ್ಥೆಯಾಗಿ ದೊರೆತಳು. ಆಕೆ ಮೊದಲ ವಾರದಲ್ಲಿಯೇ ಅವನಿಗೆ ಒಂದು ವಾಕ್ಯ ಬಾಯಿಪಾಠ ಮಾಡಿಸಿದಳು: "ಆಗುತ್ತದೆ, ಆದರೆ ಬುಧವಾರದೊಳಗೆ ಇಂಥದ್ದು ನನ್ನ ಕೈಸೇರಬೇಕು, ಸೇರದಿದ್ದರೆ ಗುರುವಾರ ತಿಳಿಸುತ್ತೇನೆ." ಹುಡುಗ ಇಂದಿಗೂ ಅಲ್ಲಿಯೇ ಇದ್ದಾನೆ. ಅವನ ವಿದ್ಯೆಯಲ್ಲಿ ಮೊದಲೂ ಕೊರತೆಯಿರಲಿಲ್ಲ, ಆ ಒಂದು ವಾಕ್ಯದ ಕೊರತೆಯಿತ್ತು.

ಜಪಾನಿನ ಕಂಪನಿಗಳಲ್ಲಿ ಈ ಕಥೆ ಸ್ವಲ್ಪ ಬೇರೆ ದಾರಿ ಹಿಡಿಯುತ್ತದೆ. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ 1997ರಲ್ಲಿ ಸ್ಥಾಪನೆಯಾಗಿ 1999ರ ಕೊನೆಯಲ್ಲಿ ವಾಹನ ತಯಾರಿಕೆ ಆರಂಭಿಸಿತು. ಜಪಾನೀಯರೂ ನಮ್ಮಂತೆಯೇ ಹಿರಿಯರಿಗೆ ಬಾಗುವವರು, ಹೆಸರಿನ ಕೊನೆಗೆ 'ಸಾನ್' ಎಂದು ಸೇರಿಸಿ ಕರೆಯುವವರು. 'ಅವರು' ಎಂದು ಸೇರಿಸಿ ಮಾತನಾಡಿ ರೂಢಿಯಿರುವ ನಮ್ಮ ಹುಡುಗರಿಗೆ ಇದು ಎರಡೇ ದಿನದಲ್ಲಿ ಬರುತ್ತದೆ. ಅವರ 'ಹಾಯ್' ಎಂಬ ಮಾತೂ ನಮ್ಮ 'ಹೂಂ' ಎಂಬುದರ ಸೋದರನೇ. ಹೌದು ಎಂದೂ ಆಗುತ್ತದೆ, ಕೇಳುತ್ತಿದ್ದೇನೆ ಎಂದೂ ಆಗುತ್ತದೆ. ಅಮೆರಿಕದ ವ್ಯಾಪಾರಿಗಳು ಜಪಾನಿನಲ್ಲಿ ಈ ಮಾತಿನಿಂದ ಎಡವಿದ್ದುಂಟು. ಇಷ್ಟು ಹತ್ತಿರದವರಾದರೂ ಕಾರ್ಖಾನೆಯೊಳಗೆ ಅವರು ಒಂದು ವಿಷಯದಲ್ಲಿ ನಮಗೆ ತೀರ ದೂರ. ಕೆಲಸದ ಸಾಲಿನಲ್ಲಿ ದೋಷ ಕಂಡರೆ ಅಲ್ಲಿ ನಿಂತ ಅತಿ ಕಿರಿಯ ಕೆಲಸಗಾರನೂ ತಲೆಯ ಮೇಲಿನ ಹಗ್ಗ ಎಳೆಯಬೇಕು. ದೀಪ ಹೊತ್ತಿಕೊಳ್ಳುತ್ತದೆ, ತಂಡದ ನಾಯಕ ಓಡಿಬರುತ್ತಾನೆ, ನಿಗದಿಯ ಹೊತ್ತಿನೊಳಗೆ ಸರಿಯಾಗದಿದ್ದರೆ ಸಾಲೇ ನಿಲ್ಲುತ್ತದೆ. ಇದಕ್ಕೆ ಅವರು 'ಆಂಡಾನ್' ಎನ್ನುತ್ತಾರೆ, ಕಾಗದದ ಲಾಂದ್ರಕ್ಕೆ ಜಪಾನಿನಲ್ಲಿ ಇರುವ ಹಳೆಯ ಹೆಸರು ಅದು. ಇದರ ಬೇರು ಇರುವುದು ನೇಕಾರಿಕೆಯಲ್ಲಿ. ಟೊಯೊಟಾ ಮನೆತನದ ಸಕಿಚಿ ಟೊಯೊಡಾ 1924ರಲ್ಲಿ ರೂಪಿಸಿದ ಮಗ್ಗ, ಒಂದು ನೂಲೆಳೆ ಕಡಿದರೆ ತಾನೇ ನಿಲ್ಲುತ್ತಿತ್ತು. ಕಡಿದ ಎಳೆಯೊಂದಿಗೆ ಮಾರುದ್ದ ಬಟ್ಟೆ ನೇಯುವುದಕ್ಕಿಂತ ನಿಲ್ಲುವುದೇ ಲಾಭವೆಂಬ ವಿಚಾರ ಮಗ್ಗದಿಂದ ಮೋಟಾರಿಗೆ ಬಂತು.

ಈಗ ಅಜ್ಜಂಪುರದ ಕಡೆಯ ಹತ್ತೊಂಬತ್ತರ ಹುಡುಗನನ್ನು ಆ ಹಗ್ಗದ ಕೆಳಗೆ ನಿಲ್ಲಿಸಿ ನೋಡಿ. ತಾನೊಬ್ಬ ಕೈ ಎತ್ತಿದರೆ ನೂರಾರು ಜನರ ಕೆಲಸ ನಿಲ್ಲುತ್ತದೆ, ದೊಡ್ಡವರೆಲ್ಲ ತನ್ನ ಕಡೆ ತಿರುಗುತ್ತಾರೆ. ತಪ್ಪು ತನ್ನದೇ ಆಗಿದ್ದರೆ? ಆ ಕೈ ಮೇಲೇಳುವುದಿಲ್ಲ. ಸುಮ್ಮನಿದ್ದುಬಿಡೋಣ, ಮುಂದಿನವರು ನೋಡಿಕೊಳ್ಳುತ್ತಾರೆ ಎಂದು ಬಿಟ್ಟುಬಿಡುತ್ತಾನೆ. ಇದು ನಮ್ಮ ಹುಡುಗರಿಗೆ ಮಾತ್ರ ಅಂಟಿದ ಅಂಜಿಕೆಯೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಫ್ರೀಮಾಂಟ್ ಊರಿನಲ್ಲಿ ಜನರಲ್ ಮೋಟಾರ್ಸ್‌ನವರ ಕಾರ್ಖಾನೆಯೊಂದು ಜಗಳ, ಗೈರುಹಾಜರಿಗಳಿಂದ ಹೆಸರು ಕೆಡಿಸಿಕೊಂಡು 1982ರಲ್ಲಿ ಮುಚ್ಚಿತ್ತು. 1984ರಲ್ಲಿ ಟೊಯೊಟಾ ಮತ್ತು ಜನರಲ್ ಮೋಟಾರ್ಸ್ ಕೂಡಿ ಅದನ್ನು ನುಮ್ಮಿ ಎಂಬ ಹೆಸರಿನಲ್ಲಿ ಮತ್ತೆ ತೆರೆದವು. ತೆಗೆದುಕೊಂಡದ್ದು ಬಹುಮಟ್ಟಿಗೆ ಆ ಹಳೆಯ ಕೆಲಸಗಾರರನ್ನೇ. ಏನಾದರೂ ಸಾಲು ನಿಲ್ಲಬಾರದು ಎಂಬುದು ಅವರು ಹಿಂದೆ ಕಲಿತಿದ್ದ ಮೊದಲ ಪಾಠ. ನೂರಾರು ಮಂದಿಯನ್ನು ತಂಡತಂಡವಾಗಿ ಜಪಾನಿಗೆ ಕರೆದೊಯ್ದು, ಅಲ್ಲಿಯ ಕೆಲಸಗಾರರ ಪಕ್ಕದಲ್ಲಿ ನಿಲ್ಲಿಸಿ, ಹಗ್ಗ ಎಳೆದವನಿಗೆ ಬೈಗುಳವಿಲ್ಲ, ನೆರವು ಬರುತ್ತದೆ ಎಂಬುದನ್ನು ಕಣ್ಣಾರೆ ತೋರಿಸಿದರು. ಕೆಲವೇ ವರ್ಷಗಳಲ್ಲಿ ಆ ಕಾರ್ಖಾನೆಯ ಗುಣಮಟ್ಟ ಅಮೆರಿಕದಲ್ಲಿ ಮಾತಿಗೆ ವಸ್ತುವಾಯಿತು. 2010ರಲ್ಲಿ ಅದು ಮುಚ್ಚಿತು, ಅದಕ್ಕೆ ಬೇರೆ ಕಾರಣಗಳಿದ್ದವು. ನಾವು ಇಲ್ಲಿ ಗಮನಿಸಬೇಕಾದುದು ಇಷ್ಟೆ: ಧೈರ್ಯವಾಗಿ ಮಾತನಾಡು ಎಂದು ಗೋಡೆಯ ಮೇಲೆ ಬರೆದು ಅವರು ಕೈತೊಳೆದುಕೊಳ್ಳಲಿಲ್ಲ. ಮಾತನಾಡಿದವನಿಗೆ ಕೆಡುಕಾಗದೆಂದು ತೋರಿಸುವ ಖರ್ಚನ್ನು ಕಂಪನಿಯೇ ಹೊತ್ತಿತು.

ಬಿಡದಿಯಲ್ಲಿ 2007ರಲ್ಲಿ ತೆರೆದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆಯನ್ನೂ ಈ ದೃಷ್ಟಿಯಿಂದ ನೋಡಬಹುದು. ಕರ್ನಾಟಕದ ಹಳ್ಳಿಗಾಡಿನ ಬಡ ಕುಟುಂಬಗಳ, ಹತ್ತನೆಯ ತರಗತಿ ಮುಗಿಸಿದ ಮಕ್ಕಳನ್ನು ಆರಿಸಿಕೊಂಡು ಮೂರು ವರ್ಷ ಅಲ್ಲಿಯೇ ಇರಿಸಿಕೊಂಡು ಕಲಿಸುವ ಶಾಲೆ ಅದು. ಬೆಸುಗೆ, ಬಣ್ಣ, ಜೋಡಣೆಯ ಕೆಲಸಗಳ ಜೊತೆಗೆ ಅಲ್ಲಿ ದೇಹದ ಕಸುವಿಗೂ ಮನಸ್ಸಿನ ಶಿಸ್ತಿಗೂ ಸಮಯ ಮೀಸಲು. ಮೊದಲು ಹುಡುಗರಿಗಷ್ಟೇ ಇದ್ದದ್ದು ಈಗ ಹೆಣ್ಣುಮಕ್ಕಳಿಗೂ ತೆರೆದಿದೆ. ಮೂರು ವರ್ಷ ಎಲ್ಲ ಕಂಪನಿಗಳಿಗೂ ಸಾಧ್ಯವಿಲ್ಲ. ಬಹಳಷ್ಟು ಕಡೆ ಹೊಸಬರಿಗೆ ಒಂದು ದಿನ ಕುಳ್ಳಿರಿಸಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ತೋರಿಸಿ, ಸಹಿ ಹಾಕಿಸಿ ಕಳುಹಿಸುತ್ತಾರೆ. ಅದಕ್ಕೆ ತರಬೇತಿಯೆಂದು ಹೆಸರು. ಮಕ್ಕಳನ್ನು ಪಳಗಿಸುತ್ತೇವೆ ಎಂದು ಹೆಮ್ಮೆಯಿಂದ ಹೇಳುವವರೂ ಇದ್ದಾರೆ. ಪಳಗಿಸುವ ಮಾತು ಅಜ್ಜಂಪುರದ ಅಮೃತಮಹಲ್ ಕಾವಲಿನ ಹೋರಿಗಳಿಗೆ ಒಪ್ಪುತ್ತದೆ, ಮನುಷ್ಯರಿಗಲ್ಲ. ಆ ಹೋರಿಗಳನ್ನು ಕೂಡ ಒಂದೇ ದಿನದಲ್ಲಿ ಯಾರೂ ಪಳಗಿಸುವುದಿಲ್ಲ.

ಹೆಚ್ಚು ಖರ್ಚಿಲ್ಲದೆ ಕಂಪನಿಗಳು ಮಾಡಬಹುದಾದ ಕೆಲಸಗಳು ಎಷ್ಟೋ ಇವೆ. ಹೊಸಬನ ಜೊತೆಗೆ ಅವನ ಭಾಷೆ ಬಲ್ಲ, ಎರಡು ಮೂರು ವರ್ಷ ಮೊದಲು ಬಂದ ಒಬ್ಬ ಅಣ್ಣನನ್ನೋ ಅಕ್ಕನನ್ನೋ ಮೂರು ತಿಂಗಳ ಮಟ್ಟಿಗೆ ಜೋಡಿಸಬಹುದು. ಅವರು ಅವನ ಮೇಲಧಿಕಾರಿ ಆಗಿರಬಾರದು ಎಂಬುದು ಮುಖ್ಯ, ಏಕೆಂದರೆ ಪೆದ್ದು ಪ್ರಶ್ನೆಗಳನ್ನು ಮೇಲಧಿಕಾರಿಯ ಬಳಿ ಯಾರೂ ಕೇಳುವುದಿಲ್ಲ. ಸುರಕ್ಷತೆಯ ನಿಯಮ, ರಜೆಯ ನಿಯಮ, ದೂರು ಕೊಡುವ ಬಗೆ ಇವು ಕನ್ನಡದಲ್ಲಿ ಇರಲೇಬೇಕು. ಕೆಲಸ ಹೇಳಿದ ಮೇಲೆ 'ತಿಳಿಯಿತೇ?' ಎಂದು ಕೇಳಬಾರದು. ಅದಕ್ಕೆ ನಮ್ಮ ಮಕ್ಕಳ ಉತ್ತರ ಯಾವಾಗಲೂ 'ಹೂಂ' ಎಂದೇ. 'ಈಗ ನೀನು ಮೊದಲು ಏನು ಮಾಡುತ್ತೀಯ, ಹೇಳು' ಎಂದು ಕೇಳಿದರೆ ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂಬುದು ಆ ಕ್ಷಣವೇ ಹೊರಬರುತ್ತದೆ. ಜಪಾನೀಯರಲ್ಲಿ ಇದಕ್ಕೆ ಒಂದು ಸೊಗಸಾದ ಸೂತ್ರವಿದೆ: 'ಹೋ-ರೆನ್-ಸೋ.' ವರದಿ ಮಾಡು, ಸುದ್ದಿ ಮುಟ್ಟಿಸು, ಸಲಹೆ ಕೇಳು ಎಂಬ ಮೂರು ಮಾತುಗಳ ಮೊದಲ ಅಕ್ಷರಗಳನ್ನು ಕೂಡಿಸಿದ್ದು. ಕೂಡಿಸಿದರೆ ಅವರ ಭಾಷೆಯಲ್ಲಿ ಪಾಲಕ್ ಸೊಪ್ಪಿನ ಹೆಸರಾಗುತ್ತದೆಯಂತೆ, ಹಾಗಾಗಿ ಯಾರೂ ಮರೆಯುವುದಿಲ್ಲ. ಇಂಥ ಸೂತ್ರಗಳನ್ನು ಹೊಸಬರಿಗೆ ಮೊದಲ ವಾರವೇ ಹೇಳಿಕೊಡಬೇಕು.

ಇನ್ನು ಹೊರದೇಶದಿಂದ ಬರುವ ಅಧಿಕಾರಿಗೆ ಕಲಿಸುವವರು ಯಾರು? ಹೊಂದಿಕೊಳ್ಳಬೇಕಾದವನು ಹಳ್ಳಿಯ ಹುಡುಗನೇ ಎಂದು ಎಲ್ಲರೂ ಇಟ್ಟುಕೊಂಡಿದ್ದಾರೆ. ತಲೆಯನ್ನು ಅತ್ತಿತ್ತ ಅಲ್ಲಾಡಿಸಿದರೆ ನಮ್ಮಲ್ಲಿ ಇಲ್ಲವೆಂದೇ ಅರ್ಥವಲ್ಲ ಎಂಬಷ್ಟಾದರೂ ಆ ಅಧಿಕಾರಿಗೆ ತಿಳಿದಿರಬೇಕು. ಎಲ್ಲರ ಎದುರಿಗೆ ತಪ್ಪು ಎತ್ತಿ ಆಡಿದರೆ ಇಲ್ಲಿಯ ಹುಡುಗ ತಿದ್ದಿಕೊಳ್ಳುವ ಬದಲು ಕೆಲಸ ಬಿಡುತ್ತಾನೆ. ಹೆಸರಿಡಿದು ಕರೆಯೆಂದು ಅಮೆರಿಕದವರು ಸ್ನೇಹದಿಂದಲೇ ಹೇಳುತ್ತಾರೆ. ಸ್ವಾಮಿ, ಯಜಮಾನರೇ, ಮೇಷ್ಟ್ರೇ, ಗೌಡರೇ ಎಂದು ಕರೆದು ಬೆಳೆದ ನಾಲಿಗೆಗೆ ಐವತ್ತು ವರ್ಷದ ಮನುಷ್ಯನನ್ನು ಬರಿಯ ಹೆಸರಿನಿಂದ ಕರೆಯುವುದು ಎಷ್ಟು ಕಷ್ಟವೆಂದು ಅವರಿಗೆ ಹೇಗೆ ತಿಳಿಯಬೇಕು? 'ನೀನು', 'ನೀವು', 'ತಾವು' ಎಂಬ ಮೂರು ಮೆಟ್ಟಿಲುಗಳು ನಮ್ಮ ಭಾಷೆಯಲ್ಲಿವೆ, ಇಂಗ್ಲಿಷಿನಲ್ಲಿ ಇರುವುದು ಒಂದೇ. ಹೆಸರನ್ನೂ ಕರೆಯಲಾಗದೆ, 'ಸರ್' ಎಂದೂ ಕರೆಯಬಾರದೆಂದಾಗ ನಮ್ಮ ಹುಡುಗ ಕರೆಯುವುದನ್ನೇ ಬಿಟ್ಟುಬಿಡುತ್ತಾನೆ. ಆಗ 'ಈತ ಯಾರೊಡನೆಯೂ ಬೆರೆಯುವುದಿಲ್ಲ' ಎಂಬ ಷರಾ ಬೀಳುತ್ತದೆ.

ಊಟ, ಪಾನ, ಪೂಜೆಗಳ ವಿಷಯ ನಮ್ಮ ಓದುಗರ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ಬರುತ್ತದೆ. ತಂಡದ ಭೋಜನಕೂಟಕ್ಕೆ ಹೋಗಬೇಡ ಎಂದು ಮಗನಿಗೆ ಹೇಳುವ ತಾಯಂದಿರಿದ್ದಾರೆ. ಅದು ಸರಿಯಾದ ಸಲಹೆಯಲ್ಲವೆಂದು ನಮ್ಮ ಅಭಿಪ್ರಾಯ. ಅಲ್ಲಿ ಕುಳಿತು ಅನ್ನ ಮೊಸರು ಉಂಡು, ನಾಲ್ಕು ಮಾತನಾಡಿ ಬರುವುದರಿಂದ ಯಾರ ಆಚಾರವೂ ಕೆಡುವುದಿಲ್ಲ. ಮದ್ಯವನ್ನು ನಿರಾಕರಿಸುವಾಗ ಮಾತ್ರ ನೆಪ ಹೇಳಬಾರದು. ಇವತ್ತು ಸೋಮವಾರ ಎಂದವನನ್ನು ಮಂಗಳವಾರ ಮತ್ತೆ ಕರೆಯುತ್ತಾರೆ! 'ನಾನು ಮಾಂಸ ಮದ್ಯಗಳನ್ನು ಮುಟ್ಟುವುದಿಲ್ಲ' ಎಂದು ಮೊದಲ ಸಲವೇ ನಗುಮುಖದಿಂದ ಒಮ್ಮೆ ಹೇಳಿದರೆ ಹೊರದೇಶದವರಲ್ಲಿ ಹೆಚ್ಚಿನವರು ಎರಡನೆಯ ಸಲ ಒತ್ತಾಯಿಸುವುದಿಲ್ಲ. ಒತ್ತಾಯಿಸುವವರು ಸಾಮಾನ್ಯವಾಗಿ ನಮ್ಮ ದೇಶದವರೇ ಎಂಬುದು ಮಕ್ಕಳಿಂದ ಕೇಳಿದ ಮಾತು.

ಇಷ್ಟಲಿಂಗ ಪೂಜೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಮೊದಲ ಪಾಳಿಗೆ ಹೋಗುವ ಮಕ್ಕಳ ಬಸ್ಸು ಬೆಳಕು ಹರಿಯುವ ಮುನ್ನವೇ ಹಾಸ್ಟೆಲಿನ ಮುಂದೆ ನಿಂತಿರುತ್ತದೆ. ಕೋಣೆಯಲ್ಲಿ ಆರು ಮಂದಿ, ಒಬ್ಬ ಬಿಹಾರದವನು, ಒಬ್ಬ ಒಡಿಶಾದವನು, ಮಲಗಿದವರ ನಡುವೆ ದೀಪ ಹಚ್ಚುವಂತಿಲ್ಲ. ಮನೆಯಲ್ಲಿ ಮಾಡುತ್ತಿದ್ದಂತೆಯೇ ಅಲ್ಲಿಯೂ ಆಗಬೇಕೆಂದು ಹಿರಿಯರು ಪಟ್ಟು ಹಿಡಿದರೆ ಮಕ್ಕಳು ಪೂರ್ತಿಯಾಗಿ ಬಿಟ್ಟುಬಿಡುತ್ತಾರೆ, ಬಿಟ್ಟದ್ದನ್ನು ನಮಗೆ ಹೇಳುವುದೂ ಇಲ್ಲ. ಆಯ್ದಕ್ಕಿ ಮಾರಯ್ಯನ ಕಾಯಕನಿಷ್ಠೆಯನ್ನು ಬಲ್ಲ ಮನೆಗಳವರು ಇಷ್ಟು ಬಿಗಿಯಾಗಬೇಕಿಲ್ಲ. ಮಂಚದ ಮೇಲೆಯೇ ವಸ್ತ್ರ ಹಾಸಿ ಹತ್ತು ನಿಮಿಷ ಕುಳಿತು ಪೂಜಿಸಿಕೊಂಡು ಹೋಗುವ ಮಕ್ಕಳಿದ್ದಾರೆ, ಪಾಳಿ ಮುಗಿಸಿ ಬಂದು ಸಂಜೆ ಮಾಡಿಕೊಳ್ಳುವವರೂ ಇದ್ದಾರೆ. ಹಾಸ್ಟೆಲುಗಳಲ್ಲಿ ಎಲ್ಲ ಮತದವರಿಗೂ ಸಲ್ಲುವಂತೆ ಒಂದು ನಿಶ್ಶಬ್ದವಾದ ಕೋಣೆ ಬಿಡುವುದು ಕಂಪನಿಗೆ ಭಾರವಾಗಲಾರದು. ಕೇಳಿದರೆ ಕೊಟ್ಟಾರು.

ಹೀಗೆಂದು ಎಲ್ಲವನ್ನೂ ಸಂಸ್ಕೃತಿಯ ತಲೆಗೆ ಕಟ್ಟುವುದೂ ಅಪಾಯ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಕಾರ್ಮಿಕರು ರೊಚ್ಚಿಗೆದ್ದು ಗಾಜು, ಯಂತ್ರ, ವಾಹನಗಳನ್ನು ಪುಡಿಮಾಡಿದಾಗ ಹಳ್ಳಿಯ ಮಕ್ಕಳಿಗೆ ಕಾರ್ಖಾನೆಯ ಶಿಸ್ತು ಗೊತ್ತಿಲ್ಲವೆಂದು ಆಡಿದವರಿದ್ದರು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಂದಿರಲಿಲ್ಲವೆಂದು ಆಮೇಲೆ ಕಂಪನಿಯೇ ಒಪ್ಪಿ ಭಾರತದ ವ್ಯವಹಾರ ನೋಡುತ್ತಿದ್ದ ತನ್ನ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಕೆಲಸ ಕೊಟ್ಟಿದ್ದ ಆಪಲ್ ಕಂಪನಿ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. 2023ರಲ್ಲಿ ಆ ಕಾರ್ಖಾನೆ ಟಾಟಾದವರ ಕೈಸೇರಿತು. ಬಿಡದಿಯಲ್ಲಿಯೂ ಅಷ್ಟೆ. ಅಷ್ಟೆಲ್ಲ ತರಬೇತಿಗೆ ಹೆಸರಾದ ಟೊಯೊಟಾದಲ್ಲಿಯೇ 2020ರ ನವೆಂಬರಿನಲ್ಲಿ ಒಬ್ಬ ಕಾರ್ಮಿಕ ಮುಖಂಡನ ಅಮಾನತಿನಿಂದ ಹೊತ್ತಿಕೊಂಡ ವಿವಾದ ಧರಣಿ, ಲಾಕೌಟ್‌ಗಳಾಗಿ ಮರುವರ್ಷದ ಮಾರ್ಚಿನವರೆಗೂ ಎಳೆಯಿತು. ಕೆಲಸದ ಒತ್ತಡ ಹೆಚ್ಚೆಂಬುದು ಕಾರ್ಮಿಕರ ದೂರಾಗಿತ್ತು. ಸಂಬಳ ಕಡಿತ, ಅತಿಯಾದ ದುಡಿಮೆಯ ಅವಧಿ, ಕುಡಿಯಲು ನೀರಿಲ್ಲದಿರುವುದು ಇವಕ್ಕೆಲ್ಲ ಹೊಂದಿಕೊಳ್ಳುವ ಪಾಠ ಹೇಳಕೂಡದು. ಮಗ ದೂರವಾಣಿಯಲ್ಲಿ 'ಇಲ್ಲಿಗೆ ಹೊಂದಿಕೆಯಾಗುತ್ತಿಲ್ಲ' ಎಂದಾಗ ಯಾವುದಕ್ಕೆ ಎಂದು ಕೇಳಿ ತಿಳಿಯುವುದು ಮನೆಯವರ ಮೊದಲ ಕೆಲಸ. ಮಾತಿಗೋ, ಊಟಕ್ಕೋ, ಒಂಟಿತನಕ್ಕೋ ಆದರೆ ಮೂರು ತಿಂಗಳು ತಾಳು ಎನ್ನಬಹುದು. ದುಡಿದ ಹಣ ಕೈಸೇರುತ್ತಿಲ್ಲ ಎಂದಾದರೆ ತಾಳು ಎನ್ನುವುದು ಅನ್ಯಾಯ.

ಹೆಣ್ಣುಮಕ್ಕಳ ಮಾತು ಬೇರೆಯಾಗಿಯೇ ಹೇಳಬೇಕಾದದ್ದು. ದೇವನಹಳ್ಳಿಯ ಬಳಿಯ ತೈವಾನ್ ಮೂಲದ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ದುಡಿಯುವವರಲ್ಲಿ ಬಹುಪಾಲು ಯುವತಿಯರೇ. ಕಡೂರಿನ ಸುತ್ತಿನ ಹಳ್ಳಿಗಳಿಂದ ಇಂಥ ಕಾರ್ಖಾನೆಗಳಿಗೆ ಹೆಣ್ಣುಮಕ್ಕಳನ್ನು ಕಳುಹಿಸುವಾಗ ಮನೆಗಳಲ್ಲಿ ಎಷ್ಟು ಚರ್ಚೆ, ಎಷ್ಟು ಕಣ್ಣೀರು ಎಂಬುದನ್ನು ಬಲ್ಲೆವು. ಹುಡುಗನಿಗೆ ಕಲಿಸಿದ ಮೌನಕ್ಕಿಂತ ಹುಡುಗಿಗೆ ಕಲಿಸಿದ ಮೌನ ಇಮ್ಮಡಿ ಗಟ್ಟಿಯಾದದ್ದು. ತಲೆ ಸುತ್ತುತ್ತಿದೆ ಎಂದಾಗಲಿ, ಮೇಲ್ವಿಚಾರಕನ ಮಾತು ಸರಿಯಿಲ್ಲ ಎಂದಾಗಲಿ ಅವಳು ಬಾಯಿ ಬಿಡುವುದಿಲ್ಲ. ಹೆಣ್ಣುಮಕ್ಕಳ ದೂರು ಕೇಳಲು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿ ಕಂಪನಿಯಲ್ಲಿಯೂ ಒಂದು ಸಮಿತಿ ಇರಬೇಕೆಂದು 2013ರ ಕಾನೂನು ಹೇಳುತ್ತದೆ. ಅದರ ಮುಖ್ಯಸ್ಥೆ ಹೆಣ್ಣೇ ಆಗಿರಬೇಕು. ಇದನ್ನು ಮಗಳಿಗೆ ಕಂಪನಿ ಹೇಳುವ ಮುನ್ನ ತಾಯಿಯೇ ಹೇಳಿ ಕಳುಹಿಸಿದರೆ, ದೂರು ಕೊಟ್ಟರೆ ಮನೆಯವರು ಬೈಯುವುದಿಲ್ಲ ಎಂಬ ಧೈರ್ಯವೂ ಜೊತೆಯಲ್ಲಿಯೇ ಹೋಗುತ್ತದೆ.

ಮನೆಯವರು ಕಲಿಯಬೇಕಾದದ್ದೂ ಸ್ವಲ್ಪ ಇದೆ. ಸೋದರತ್ತೆಯ ಮಗಳ ನಿಶ್ಚಿತಾರ್ಥ, ಊರ ಜಾತ್ರೆ, ಗೃಹಪ್ರವೇಶ ಎಂದು ಹಿಂದಿನ ದಿನ ದೂರವಾಣಿ ಮಾಡಿ 'ನಾಳೆ ಬಾ' ಎಂದರೆ ಮಗ ಅಲ್ಲಿ ಸುಳ್ಳು ಹೇಳಲೇಬೇಕಾಗುತ್ತದೆ. ಮದುವೆಯ ಹಂಗಾಮಿನಲ್ಲಿ ಒಬ್ಬನೇ ಹುಡ್ಗನ ಅಜ್ಜಿ ಎರಡು ಸಲ ತೀರಿಕೊಂಡ ಕಥೆ ಕಂಪನಿಗಳವರು ನಗುತ್ತ ಹೇಳುತ್ತಾರೆ! ಜಾತ್ರೆಯ ತಿಥಿ ತಿಂಗಳುಗಳ ಮೊದಲೇ ಪಂಚಾಂಗದಲ್ಲಿ ಇರುತ್ತದೆ. ಅದನ್ನು ಮಗನಿಗೆ ಮೊದಲೇ ತಿಳಿಸಿದರೆ ಅವನು ರಜೆ ಬರೆದುಕೊಡಬಲ್ಲ. ಜಪಾನಿನವರಿಗಾಗಲಿ ಜರ್ಮನಿಯವರಿಗಾಗಲಿ ರಜೆ ಕೇಳುವುದು ಸಿಟ್ಟು ತರಿಸುವುದಿಲ್ಲ, ಹೇಳದೆ ಹೋಗುವುದು ತರಿಸುತ್ತದೆ. ತಂದೆ ನೇರವಾಗಿ ಮೇಲಧಿಕಾರಿಗೆ ದೂರವಾಣಿ ಮಾಡಿ 'ನಮ್ಮ ಹುಡುಗನನ್ನು ನೋಡಿಕೊಳ್ಳಿ ಸ್ವಾಮಿ' ಎನ್ನುವುದು ನಮ್ಮಲ್ಲಿ ಮರ್ಯಾದೆ. ಅಲ್ಲಿ ಅದು ಹುಡುಗನನ್ನು ಚಿಕ್ಕವನನ್ನಾಗಿ ಮಾಡುತ್ತದೆ.

ಕೆಲಸದ ಪತ್ರ ಕೈಗೆ ಬಂದಾಗ, ಸೇರುವ ದಿನಕ್ಕಿಂತ ಮೊದಲು ಕಂಪನಿಯವರನ್ನು ಕೇಳಿ ಬರೆದಿಟ್ಟುಕೊಳ್ಳಬೇಕಾದ ಸಂಗತಿಗಳು ಕೆಲವಿವೆ. ಕೆಲಸ ಕಲಿಸುವವರು ಕನ್ನಡ ಬಲ್ಲರೇ, ಮೊದಲ ತಿಂಗಳು ತಪ್ಪಾದರೆ ಸಂಬಳ ಹಿಡಿಯುತ್ತಾರೆಯೇ? ಪಾಳಿ ಎಷ್ಟು ವಾರಕ್ಕೊಮ್ಮೆ ಬದಲಾಗುತ್ತದೆ? ನೇರ ನೌಕರಿಯೋ ಗುತ್ತಿಗೆದಾರನ ಕೈಕೆಳಗಿನದೋ? ಗುತ್ತಿಗೆಯದಾದರೆ ಸಂಬಳದ ಚೀಟಿ ಕೊಡುವವರು ಯಾರು? ಹಾಸ್ಟೆಲಿನಲ್ಲಿ ರಾತ್ರಿ ಜ್ವರ ಬಂದರೆ ಬಾಗಿಲು ತಟ್ಟಬೇಕಾದ್ದು ಯಾರದು, ಅವರ ದೂರವಾಣಿ ಸಂಖ್ಯೆ ಯಾವುದು? ಕೊನೆಯ ಪ್ರಶ್ನೆಗೆ ಉತ್ತರ ಕೊಡದ ಕಂಪನಿಗೆ ಮಗಳನ್ನು ಕಳುಹಿಸಲಾರೆವೆಂದು ಬೀರೂರಿನ ಕಡೆಯ ಒಬ್ಬ ತಾಯಿ ಕಳೆದ ಸಲ ಪಟ್ಟು ಹಿಡಿದರು. ಎರಡು ದಿನಗಳಲ್ಲಿ ಉತ್ತರ ಬಂತು, ಹಾಸ್ಟೆಲಿನ ಮೇಲ್ವಿಚಾರಕಿಯೇ ಮಾತನಾಡಿದರು. ಹುಡುಗಿ ಈಗ ಎರಡನೆಯ ಪಾಳಿಯಲ್ಲಿದ್ದಾಳೆ.